ಯಾಕೆ ಮೇಷ್ಟ್ರ ಶಾಲೆ

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆಗಳ ಒಂದು ಶಾಲೆಯಿತ್ತು. ಕಾಲೇಜಿನ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಎರಡು ವರ್ಷ ತಯಾರು ಮಾಡುವ ಶಾಲೆ. ನಡೆಸುತ್ತಿದ್ದವರು ಒಬ್ಬ ಅಕ್ಕ, ಒಬ್ಬ ತಮ್ಮ. ಅಕ್ಕ ಭಾಷೆ ಕಲಿಸುತ್ತಿದ್ದರು. ಕೆಟ್ಟ ಫ್ಯಾನು ರಿಪೇರಿ ಮಾಡಿಸುವುದು, ಫೋನು ಎತ್ತುವುದು, ಸಿಟ್ಟಾದ ತಂದೆತಾಯಿಗಳನ್ನು ಸಮಾಧಾನ ಮಾಡಿ ಕಳಿಸುವುದು ಎಲ್ಲವೂ ಅವರ ತಲೆಗೇ ಕಟ್ಟಿದ ಕೆಲಸ. ತಮ್ಮ ಕಲಿಸುತ್ತಿದ್ದುದು ಭೌತಶಾಸ್ತ್ರ. ಉತ್ತರ ಸರಿ ಬರಲಿ, ತಪ್ಪು ಬರಲಿ, ಅವರ ಬಾಯಿಂದ ಹೊರಡುತ್ತಿದ್ದುದು ಒಂದೇ ಮಾತು: “ಯಾಕೆ?” ಹಾಗಾಗಿ ಊರಿಗೆಲ್ಲ ಅವರು ಯಾಕೆ ಮೇಷ್ಟ್ರು. ಸೈಕಲ್ಲಿಗೆ ಗಾಳಿ ಹಾಕಿಸಲು ನಿಂತರೆ ಟೈರ್ ಅಂಗಡಿಯವನೂ ಬಿಡುತ್ತಿರಲಿಲ್ಲ. “ಗಾಳಿ ಯಾಕೆ ಬೇಕು ಅಂತ ಮೊದ್ಲು ಹೇಳಿ ಮೇಷ್ಟ್ರೇ, ಆಮೇಲೆ ಹಾಕ್ತೀನಿ” ಎಂದು ನಗುತ್ತಿದ್ದ. ಮೇಷ್ಟ್ರು ನಿಜವಾಗಿಯೂ ವಿವರಿಸಲು ಶುರುಮಾಡಿಬಿಡುತ್ತಿದ್ದರು.

ಅವರ ಈ ಹಟಕ್ಕೆ ಕಾರಣವಿತ್ತು. ಹುಡುಗನಾಗಿದ್ದಾಗ ಪುಸ್ತಕವನ್ನು ಅರೆದು ಕುಡಿದು, ಒಳ್ಳೆಯ ಅಂಕ ತೆಗೆದು ದೊಡ್ಡ ಕಾಲೇಜಿಗೆ ಸೇರಿದ್ದರು. ಅಲ್ಲಿ ಮೊದಲ ವಾರವೇ ಪ್ರಾಧ್ಯಾಪಕರೊಬ್ಬರು ಒಂದು ಲೋಲಕವನ್ನು ತೂಗಿಬಿಟ್ಟು, “ಇದು ಯಾಕೆ ನಿಲ್ಲುತ್ತೆ, ನಿನ್ನ ಮಾತಲ್ಲಿ ಹೇಳು” ಎಂದಿದ್ದರು. ಸೂತ್ರವೆಲ್ಲ ನಾಲಿಗೆಯ ತುದಿಯಲ್ಲಿತ್ತು, ತನ್ನದೆಂಬ ಒಂದು ಮಾತೂ ಇರಲಿಲ್ಲ. ಆ ನಾಚಿಕೆ ಮತ್ತೊಂದು ಮಗುವಿಗೆ ಬೇಡ ಎಂದೇ ಅಕ್ಕನನ್ನು ಕಾಡಿ ಬೇಡಿ ಶಾಲೆ ತೆರೆಸಿದ್ದರು. ಯಾರು ಮೊದಲು, ಯಾರು ಕೊನೆ ಎಂದು ಇಲ್ಲಿ ಯಾರನ್ನೂ ಅಳೆಯುವಂತಿರಲಿಲ್ಲ. ಮಗು ತಾನಾಗಿ ಪ್ರಶ್ನೆ ಕೇಳುವವರೆಗೆ ಉತ್ತರ ಹೇಳುವಂತಿರಲಿಲ್ಲ. ‘ಗೊತ್ತಿಲ್ಲ’ ಎನ್ನಲು ಯಾರೂ ತಲೆ ತಗ್ಗಿಸಬೇಕಿರಲಿಲ್ಲ. “ಅರ್ಥ ಆದ್ರೆ ಸಾಕು, ಅಂಕ ತಾನಾಗೇ ಹಿಂದೆ ಬರುತ್ತೆ” ಎಂದು ಸೇರಿಸಲು ಬಂದ ಪ್ರತಿಯೊಬ್ಬ ತಂದೆಗೂ ಹೇಳುತ್ತಿದ್ದರು. ಅದನ್ನು ಮನಸಾರೆ ನಂಬಿಯೂ ಇದ್ದರು.

ಆ ನಂಬಿಕೆಗೆ ಜೀವ ಬಂದಂತಿದ್ದವಳು ಬಸ್ ಡ್ರೈವರ್ ಒಬ್ಬರ ಮಗಳು. ಸೇರಿದಾಗ ಬಾಯಿ ಬಿಡದ ಹುಡುಗಿ, ಎರಡನೆಯ ವರ್ಷಕ್ಕೆ ಬರುವಾಗ ಮೇಷ್ಟ್ರನ್ನೇ ಬೋರ್ಡಿನ ಮುಂದೆ ತಡವರಿಸುವಂತೆ ಮಾಡುತ್ತಿದ್ದಳು. ಹಾಗೆ ತಡವರಿಸಿದ ದಿನ ಮೇಷ್ಟ್ರು ಮನೆಗೆ ಶಿಳ್ಳೆ ಹಾಕುತ್ತಾ ಬರುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲೇ ವಾಸ. “ಇವತ್ತೂ ಸೋತು ಬಂದ್ಯಾ?” ಎಂದು ಅಕ್ಕ ತಟ್ಟೆ ಇಡುತ್ತಿದ್ದರು.

ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದಾಗ ಶಾಲೆಯ ಎಲ್ಲರಿಗಿಂತ ಕೆಳಗೆ ಇದ್ದವಳು ಅವಳೇ. ಎಲ್ಲೋ ತಪ್ಪಾಗಿದೆ ಎಂದುಕೊಂಡರು ಮೇಷ್ಟ್ರು. ತಪ್ಪಾಗಿರಲಿಲ್ಲ. ಮಾರನೆಯ ದಿನ ಅವಳ ತಂದೆ ಯೂನಿಫಾರ್ಮಿನಲ್ಲೇ ಮೆಟ್ಟಿಲು ಹತ್ತಿ ಬಂದರು. ಕೂರಿ ಎಂದರೂ ಕೂರಲಿಲ್ಲ.

“ಮೂರನೇ ಪ್ರಶ್ನೆ ಹತ್ರಾನೇ ನಿಂತುಬಿಟ್ಳಂತೆ ಸರ್. ಓಡೋ ಬಸ್ಸಿಂದ ಕಲ್ಲು ಬಿಟ್ರೆ ಅದು ಬೀಳೋ ದಾರಿ ಹೇಗಿರುತ್ತೆ ಅಂತ. ನೇರಾನಾ, ಬಾಗಿರುತ್ತಾ. ಒಂದಕ್ಕೆ ಗುರುತು ಹಾಕೋದು ಬಿಟ್ಟು, ಬಸ್ಸಲ್ಲಿ ಕೂತು ನೋಡೋರಿಗಾ, ರಸ್ತೇಲಿ ನಿಂತು ನೋಡೋರಿಗಾ ಅಂತ ಪಕ್ಕದ ಖಾಲಿ ಜಾಗದಲ್ಲೆಲ್ಲ ಬರೆದು ಕೂತಿದ್ಳಂತೆ. ಗಂಟೆ ಹೊಡೆದಾಗ ಅರ್ಧ ಪ್ರಶ್ನೆಗಳು ಹಾಗೇ ಇದ್ವು.”

ಮೇಷ್ಟ್ರಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಅದು ಮುಖದ ಮೇಲೆ ಕಾಣಿಸಿಯೂ ಹೋಯಿತು.

“ನೀವು ನಗ್ತಿದ್ದೀರಾ?” ಡ್ರೈವರ್ ಕೇಳಿದರು. ದನಿ ಏರಿರಲಿಲ್ಲ. “ಅವಳು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದಾಳೆ, ನೀವು ನಗ್ತಿದ್ದೀರಾ.”

ಅವರು ಇಳಿದು ಹೋದ ಮೇಲೆ ಮೇಷ್ಟ್ರು ಬೆಂಚಿನ ಮೇಲೆ ತಲೆ ಹಿಡಿದು ಕೂತರು. ಪ್ರಶ್ನೆಯೇ ಅರೆಬರೆ, ಅವಳು ಬರೆದದ್ದೇ ಸರಿ ಎಂದು ಅಕ್ಕನ ಮುಂದೆ ಹಲುಬಿದರು. ಅಕ್ಕ ಎಲ್ಲ ಕೇಳಿಸಿಕೊಂಡು ಹೇಳಿದರು: “ಸರಿ ಇರಬಹುದು ಕಣೋ. ಆದ್ರೆ ಪರೀಕ್ಷೆಗೆ ಕೂತಿದ್ದು ನೀನಲ್ಲ, ಅವಳು.”

ಸುದ್ದಿ ಬೀದಿ ತುಂಬ ಹರಡಿತು. ಮೊದಲ ವರ್ಷದ ಮಕ್ಕಳು ಒಬ್ಬೊಬ್ಬರಾಗಿ ಮುಖ್ಯರಸ್ತೆಯ ದೊಡ್ಡ ತರಬೇತಿ ಕೇಂದ್ರದ ಪಾಲಾದರು. ಒಂದು ಕೋಣೆಯ ಬಾಗಿಲು ತೆರೆಯುವುದೇ ನಿಂತಿತು.

ಮೇಷ್ಟ್ರಿಗೆ ಅದಕ್ಕಿಂತ ಹುಡುಗಿಯ ಚಿಂತೆ ತಿನ್ನುತ್ತಿತ್ತು. ಅವಳು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ಕೇಳಿ ಹುಡುಕಿಕೊಂಡು ಹೋದರು. ಅವಳು ಕೌಂಟರಿನ ಹಿಂದೆ ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದಳು. ಕತ್ತರಿ ನಿಲ್ಲಿಸಲಿಲ್ಲ.

“ನಿನ್ನ ತರ್ಕದಲ್ಲಿ ಒಂದು ತಪ್ಪೂ ಇಲ್ಲಮ್ಮ” ಎಂದರು ಮೇಷ್ಟ್ರು.

“ಗೊತ್ತು ಸರ್.”

“ಮತ್ತೆ?”

ಅವಳು ತಲೆಯೆತ್ತಿದಳು. ಕಣ್ಣು ಕೆಂಪಾಗಿತ್ತು. “ಕಲಿಯೋದೇ ಬೇರೆ, ಪರೀಕ್ಷೆ ಬರೆಯೋದೇ ಬೇರೆ ಅಂತ ನಿಮಗೆ ಗೊತ್ತಿತ್ತಲ್ಲ ಸರ್? ನೀವು ಎರಡನ್ನೂ ಮಾಡಿದೋರು. ನನಗ್ಯಾಕೆ ಹೇಳ್ಲಿಲ್ಲ? ಅಂಕ ತಾನಾಗೇ ಬರುತ್ತೆ ಅಂದ್ರಿ. ನಾನು ನಂಬಿದೆ. ನಮ್ಮಪ್ಪನ್ನೂ ನಂಬಿಸಿದೆ.”

ಹಿಂದೆ ನಿಂತ ಗಿರಾಕಿ ಕೆಮ್ಮಿನ ಔಷಧಿ ಕೇಳಿದ. ಅವಳು ತಿರುಗಿ ಬಾಟಲಿ ತೆಗೆದುಕೊಟ್ಟಳು. ಜೀವನವಿಡೀ ‘ಯಾಕೆ’ ಎಂದು ಕೇಳಿದ ಮೇಷ್ಟ್ರಿಗೇ ಆ ‘ಯಾಕೆ’ ಈಗ ತಿರುಗಿ ಬಂದಿತ್ತು. ಹೆದರಿಕೆಯಿಂದ ಹೇಳಿರಲಿಲ್ಲ ಎಂಬುದೇ ಉತ್ತರ. ಹೇಳಿದರೆ ಯಾರೂ ತಮ್ಮ ಬಳಿ ಬರುವುದಿಲ್ಲವೇನೋ ಎಂಬ ಹೆದರಿಕೆ. ಅದನ್ನು ಅವರು ಅದುವರೆಗೆ ತಮಗೂ ಹೇಳಿಕೊಂಡಿರಲಿಲ್ಲ.

“ಇನ್ನೊಂದು ಸಲ ಬಾ” ಎಂದರು ಕೊನೆಗೆ. “ಈ ಸಲ ಪಾಸಾಗೋದು ಹೇಗೆ ಅಂತ ಮಾತ್ರ ಹೇಳಿಕೊಡ್ತೀನಿ.”

ಒಂದು ವಾರ ಬಿಟ್ಟು ಬಂದಳು. ಮೇಷ್ಟ್ರು ಮೇಜಿನ ಮೇಲೆ ಗಡಿಯಾರವಿಟ್ಟರು. “ಯೋಚನೆ ಮಾಡ್ಬೇಡ. ಕೇಳಿದೋನಿಗೆ ಏನು ಬೇಕೋ ಅದನ್ನ ಗುರುತು ಮಾಡು, ಮುಂದಕ್ಕೆ ಹೋಗು” ಎಂದು ತಾವೇ ಹೇಳುವಾಗ ಬಾಯೆಲ್ಲ ಕಹಿಯಾಗುತ್ತಿತ್ತು. ಅವಳು ಚುರುಕು, ಅದನ್ನೂ ಬೇಗ ಕಲಿತಳು. ಮೊದಮೊದಲು ನಡುವೆ ಕೈ ಎತ್ತುತ್ತಿದ್ದಳು. ಆಮೇಲೆ ಎತ್ತುವುದು ನಿಂತಿತು. ಪಾಠ ಮುಗಿದರೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಮೇಷ್ಟ್ರು ಅವಳನ್ನು ತಡೆದು ನಿಲ್ಲಿಸಲು ಏನಾದರೊಂದು ಕೇಳಬೇಕೆನಿಸಿದರೂ ಕೇಳದೆ ನುಂಗಿಕೊಳ್ಳುತ್ತಿದ್ದರು.

ಮುಂದಿನ ವರ್ಷದ ಪರೀಕ್ಷೆಯಲ್ಲಿ ಅವಳಿಗೆ ಕಾಲೇಜಿನ ಸೀಟು ಸಿಕ್ಕಿತು. ಡ್ರೈವರ್ ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಮೊದಲೇ ಹೀಗೆ ಕಲಿಸಿದ್ರೆ ಎಷ್ಟು ಚೆನ್ನಾಗಿತ್ತು!” ಮನಸ್ಸು ತುಂಬಿ ಹೇಳಿದ ಮಾತು. ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಮನೆಗೆ ಬಂದು ಉಣ್ಣದೆ ಮಲಗಿದರು.

“ನನ್ನ ಕೈಲಿ ಆಗಲ್ಲ ಅಕ್ಕ” ಎಂದರು ಬೆಳಿಗ್ಗೆ. “ಅವಳನ್ನ ಪಾಸು ಮಾಡಿಸಿದೆ. ಆದ್ರೆ ಮೊದಲಿನ ಆ ಹುಡುಗಿ ಎಲ್ಲಿ ಹೋದ್ಳು?”

“ಹಾಗಾದ್ರೆ ಮುಚ್ಚೋಣ” ಎಂದರು ಅಕ್ಕ. ಅವರ ದನಿಯೂ ಒಡೆಯಿತು. “ಇಲ್ಲ ಅಂದ್ರೆ ಬಂದೋರಿಗೆ ನಿಜ ಹೇಳು. ಎರಡರಲ್ಲಿ ಒಂದು ಮಾಡು. ನಿನ್ನ ಜೊತೆ ನಾನೂ ಸುಳ್ಳು ಹೇಳಿ ಹೇಳಿ ಸಾಕಾಗಿದೆ.”

ಹೊಸ ವರ್ಷದ ಮಕ್ಕಳನ್ನು ಸೇರಿಸುವ ದಿನ ತಂದೆತಾಯಿಗಳನ್ನೆಲ್ಲ ದೊಡ್ಡ ಕೋಣೆಯಲ್ಲಿ ಕೂರಿಸಿದರು. ಮೇಷ್ಟ್ರು ಎದ್ದು ನಿಂತರು. “ಅರ್ಥ ಆದ ತಕ್ಷಣ ಅಂಕ ಬರಲ್ಲ. ನಾನು ಇಷ್ಟು ದಿನ ಹೇಳಿದ್ದು ತಪ್ಪು. ಮೊದಲ ವರ್ಷ ನಾನು ಮಕ್ಕಳನ್ನ ಪ್ರಶ್ನೆ ಕೇಳೋದಕ್ಕೆ ಬಿಡ್ತೀನಿ. ಅದರಿಂದ ಪರೀಕ್ಷೆಗೆ ಉಪಯೋಗ ಆಗುತ್ತೆ ಅಂತ ಮಾತು ಕೊಡಲ್ಲ. ಎರಡನೇ ವರ್ಷ ಪರೀಕ್ಷೆ ಬರೆಯೋದನ್ನ ಬೇರೆ ಟೀಚರ್ ಕಲಿಸ್ತಾರೆ. ಎರಡೂ ಬೇರೆ ಬೇರೆ ಅಂತ ಮಕ್ಕಳಿಗೂ ಇವತ್ತೇ ಹೇಳ್ತೀನಿ. ಬೇಡ ಅನ್ನೋರು ಎದ್ದು ಹೋದ್ರೆ ನನಗೆ ಬೇಜಾರಿಲ್ಲ.”

“ಒಂದು ವರ್ಷ ದಂಡ ಅಂತ ನೀವೇ ಹೇಳ್ತಿದ್ದೀರಲ್ಲ!” ಎಂದರು ಒಬ್ಬ ತಾಯಿ. ಕುರ್ಚಿಗಳು ಕಿರ್ರೆಂದವು. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಬಹಳ ಹೊತ್ತು ಕೇಳಿಸಿತು. ಬೇಜಾರಿಲ್ಲ ಎಂದಿದ್ದ ಮೇಷ್ಟ್ರು ಕಿಟಕಿಯ ಕಂಬಿ ಹಿಡಿದುಕೊಂಡು, ಹೋಗುವವರನ್ನು ನೋಡದಂತೆ ನಿಂತಿದ್ದರು.

ಕೋಣೆಯ ಒಂದು ಮೂಲೆಯಲ್ಲಿ ಐದಾರು ಮಂದಿ ಉಳಿದಿದ್ದರು. ತಮ್ಮನ್ನು ನಂಬಿ ಕೂತರೋ, ಬೇರೆಲ್ಲೂ ಸೇರಿಸಿಕೊಳ್ಳದ್ದರಿಂದ ಕೂತರೋ ಮೇಷ್ಟ್ರಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಅಕ್ಕ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಗೋಡೆಗೆ ಒತ್ತರಿಸಿದರು. ಮೇಷ್ಟ್ರು ಉಳಿದವರನ್ನು ಮುಂದಕ್ಕೆ ಬಂದು ಕೂರಲು ಹೇಳಿದರು.