ದುಂಡಪ್ಪನ ದೀಡ ಫೂಟು

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಔಷಧದ ಅಂಗಡಿ ಇಟ್ಟಿದ್ದ ದುಂಡಪ್ಪನಿಗೆ ಜೀವಮಾನದಲ್ಲಿ ಇದ್ದದ್ದು ಒಬ್ಬನೇ ವೈರಿ. ಆ ಒಬ್ಬನನ್ನು ಅವನು ಎಷ್ಟು ಜತನದಿಂದ ಎದೆಯಲ್ಲಿ ಸಾಕಿಕೊಂಡಿದ್ದನೆಂದರೆ ಎರಡನೆಯವನಿಗೆ ಅಲ್ಲಿ ಜಾಗ ಉಳಿದಿರಲಿಲ್ಲ.

ಅಂಗಡಿ ಮೊದಲು ಇದ್ದದ್ದು ಬೆಳಗಾವಿಯ ಕ್ಯಾಂಪಿನಲ್ಲಿ. ಗಿರಾಕಿಗಳಲ್ಲಿ ಅರ್ಧ ಜನ ದಂಡಿನವರು. ನಿವೃತ್ತ ಕರ್ನಲ್ ಒಬ್ಬರು ಮಂಡಿನೋವಿನ ಮುಲಾಮಿಗೆಂದು ಬಂದು ಹರಟುತ್ತ ಸ್ನೇಹವಾಗಿ, ಒಂದು ಭಾನುವಾರ ದುಂಡಪ್ಪನನ್ನು ಗಾಲ್ಫ್ ಮೈದಾನಕ್ಕೆ ಕರೆದೊಯ್ದರು. ಮೈದಾನ ದಂಡಿನವರದೇ ಆದರೂ ಊರಿನ ಕೆಲವು ವ್ಯಾಪಾರಸ್ಥರಿಗೂ ಅಲ್ಲಿ ಆಡಲು ಅವಕಾಶವಿತ್ತು. ದುಂಡಪ್ಪ ಕುಳ್ಳ, ಮೈಯೂ ಸ್ವಲ್ಪ ದಪ್ಪ. ದೂರದ ಹೊಡೆತ ಅವನ ಕೈಲಾಗುತ್ತಿರಲಿಲ್ಲ. ಆದರೆ ಕುಳಿಯ ಹತ್ತಿರ ಬಂದಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಬೀಳಿಸುವ ಕೆಲಸ, ಪಟ್ ಮಾಡುವುದು ಅಂತಾರಲ್ಲ, ಅದು ಅವನಿಗೆ ಬೇಗ ಕೈಗೂಡಿತು. ಆಗ ಅಲ್ಲಿ ಕುಳಿಯ ಸುತ್ತ ಹಸಿರು ಹುಲ್ಲಿರಲಿಲ್ಲ. ಮರಳಿಗೆ ಸುಟ್ಟ ಎಣ್ಣೆ ಕಲಸಿ ಚಾಪೆಯ ಹಾಗೆ ಹರಡಿರುತ್ತಿದ್ದರು. ಅದರ ಮೇಲೆ ಚೆಂಡು ಉರುಳಿದ ದಾರಿ ಗೆರೆ ಬರೆದಂತೆ ಉಳಿಯುತ್ತಿತ್ತು. ತಪ್ಪಿದ್ದು ಎಲ್ಲಿ ಎಂಬುದನ್ನು ಯಾರೂ ಮುಚ್ಚಿಡುವಂತಿರಲಿಲ್ಲ.

ಬಾಳಾಸಾಹೇಬ ಅಲ್ಲಿಯೇ ಪರಿಚಯವಾದವನು. ಲಾರಿಗಳ ಮಾಲೀಕ, ಎತ್ತರದ ಆಳು, ಬಾಯಿ ತುಂಬ ನಗುವವನು. ಅವನು ಬಂದನೆಂದರೆ ಚಹಾದ ಮೇಜಿನ ಸುತ್ತ ಕುರ್ಚಿಗಳು ತಾವೇ ಸರಿದುಕೊಳ್ಳುತ್ತಿದ್ದವು. ಅವನಿಗೆ ಒಂದು ಚಾಳಿ ಇತ್ತು. ಎದುರಿನವನು ಪಟ್ ಮಾಡಲು ಬಗ್ಗಿದಾಗ ಪ್ಯಾಂಟಿನ ಕಿಸೆಯಲ್ಲಿ ಕೈಹಾಕಿ ಲಾರಿಗಳ ಕೀಲಿಗೊಂಚಲನ್ನು ಮೆಲ್ಲಗೆ ಆಡಿಸುತ್ತಿದ್ದ. ಯಾರಾದರೂ ತಿರುಗಿ ನೋಡಿದರೆ, "ಮಾಫ್ ಮಾಡ್ರಿ, ಕೈಗೆ ಸುಮ್ನ ಇರಾಕ ಬರೂದಿಲ್ಲ" ಎನ್ನುತ್ತಿದ್ದ. ಅದನ್ನು ಚೇಷ್ಟೆ ಎಂದೇ ಎಲ್ಲರೂ ಬಿಟ್ಟುಬಿಡುತ್ತಿದ್ದರು.

ಎಪ್ಪತ್ಮೂರನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ನಡೆದ, ಮೈದಾನದ ವಾರ್ಷಿಕ ಕಪ್ಪಿನ ಕೊನೆಯ ಪಂದ್ಯ ಅವರಿಬ್ಬರ ನಡುವೆ ಬಿತ್ತು. ಕಡೆಯ ಕುಳಿಯಲ್ಲಿ ದುಂಡಪ್ಪನ ಚೆಂಡು ಒಂದೂವರೆ ಅಡಿಯಲ್ಲಿ ನಿಂತಿತ್ತು. ಅಷ್ಟು ಹತ್ತಿರ ಬಂದ ಚೆಂಡನ್ನು "ಬಿಟ್ಟೆ" ಎಂದು ಎದುರಾಳಿ ಬಾಯಿಮಾತಿನಲ್ಲೇ ಒಳಗೆ ಬಿದ್ದಂತೆ ಒಪ್ಪಿಕೊಳ್ಳುವುದು ಅಲ್ಲಿಯ ರೂಢಿ. ಬಾಳಾಸಾಹೇಬ ಆ ಮಾತು ಆಡಲಿಲ್ಲ. ದುಂಡಪ್ಪ ಬಗ್ಗಿದ. ಕೀಲಿಗಳು ಕಿಣಿಕಿಣಿ ಎಂದವು. ಚೆಂಡು ಕುಳಿಯ ಅಂಚು ಸವರಿಕೊಂಡು ಆಚೆ ಹೋಯಿತು, ಅದರ ಜೊತೆಗೆ ಕಪ್ಪೂ.

ನಾಲ್ಕು ಜನರ ಮುಂದೆ ಬಾಳಾಸಾಹೇಬ ಅವನ ಹೆಗಲ ಮೇಲೆ ಕೈಹಾಕಿ ನಕ್ಕ. "ದುಂಡಪ್ಪಾ, ದೀಡ ಫೂಟ ಐತಲ್ಲೋ. ನಿನ್ನಷ್ಟ ಉದ್ದ. ಅಷ್ಟೂ ದಾಟಾಕ ಆಗ್ಲಿಲ್ಲೇನು?"

ಮೈದಾನವೆಲ್ಲ ನಕ್ಕಿತು. ಕರ್ನಲ್ಲರೂ ನಕ್ಕರು.

ದೀಡ ಎಂದರೆ ಒಂದೂವರೆ. ದುಂಡಪ್ಪನ ಗಿಡ್ಡ ಮೈಗೂ ತಪ್ಪಿದ ಹೊಡೆತಕ್ಕೂ ಒಟ್ಟಿಗೆ ಅಂಟುವ ಹೆಸರು ಅದು, ಅಂಟಿತು. ವಾರದೊಳಗೆ ಕ್ಯಾಂಪಿನ ಬೇಕರಿಯವನು ಹಾಗೆ ಕರೆದ. ತಿಂಗಳು ಕಳೆಯುವುದರೊಳಗೆ ಪೇಟೆಯ ಶನಿವಾರ ಖೂಟದ ಚೌಕದಲ್ಲಿ ಭಾಜಿ ಮಾರುವವರಿಗೂ ಗೊತ್ತಾಯಿತು. ಅಂಗಡಿಗೆ ಬಂದವರು ಔಷಧ ಕಟ್ಟಿಸಿಕೊಳ್ಳುತ್ತ ತುಟಿಯ ಮೂಲೆಯಲ್ಲಿ ನಗು ಹಿಡಿದಿಟ್ಟುಕೊಂಡಂತೆ ಅವನಿಗೆ ಕಾಣುತ್ತಿತ್ತು. ಎರಡು ವರ್ಷ ತಡೆದುಕೊಂಡ. ಆಮೇಲೆ ಅಂಗಡಿ ಎತ್ತಿ ಹೆಂಡತಿ ಶಿವಬಸವ್ವನ ತವರೂರಾದ ಖಾನಾಪುರಕ್ಕೆ ಬಂದುಬಿಟ್ಟ. ಕೇಳಿದವರಿಗೆ ಅಲ್ಲಿ ಬಾಡಿಗೆ ಕಡಿಮೆ ಎಂದು ಹೇಳಿದ.

ಹೊಸ ಅಂಗಡಿಯ ಮೊದಲ ಮಳೆಗಾಲದಲ್ಲಿ ಜಾಂಬೋಟಿ ಕಡೆಯ ರೈತನೊಬ್ಬ ಕಂಬಳಿ ಕೊಡವುತ್ತ ಮೆಟ್ಟಿಲ ಮೇಲೆ ನಿಂತು ಕೇಳಿದ: "ಅಣ್ಣಾರ, ದೀಡಫೂಟ ಅವರ ಔಷಧದ ಅಂಗಡಿ ಅಂದ್ರ ಇದ ಏನ್ರಿ?"

"ಯಾರ ಹೇಳಿದ್ರು ನಿನಗ?"

"ಲಾರಿ ಡ್ರಾಯವರ ಹೇಳಿದ್ರಿ. ಜ್ವರಕ್ಕ ಚಲೋ ಗುಳಿಗಿ ಕೊಡ್ತಾರು, ಅಲ್ಲೇ ಹೋಗು ಅಂದ."

ರೈತನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಅದು ನಿಜವಾದ ಹೆಸರೆಂದೇ ಅವನು ತಿಳಿದಿದ್ದ. ದುಂಡಪ್ಪ ಗುಳಿಗೆ ಕಟ್ಟಿಕೊಟ್ಟು, ಅವನು ಹೋದಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕುಳಿತ. ಬಾಳಾಸಾಹೇಬನ ಲಾರಿಗಳು ಹೋಗದ ಊರು ಈ ತಾಲೂಕಿನಲ್ಲಿ ಯಾವುದಿದೆ ಎಂದು ಯೋಚಿಸಿದ. ಹೊಳೆಯಲಿಲ್ಲ. ಓಡಿಹೋಗಲು ಜಾಗವಿಲ್ಲವೆಂದು ತಿಳಿದ ಆ ಮಧ್ಯಾಹ್ನವೇ ಅವನು ನಿರ್ಧಾರಕ್ಕೆ ಬಂದ. ಅದೇ ಮೈದಾನದಲ್ಲಿ, ಅಷ್ಟೇ ಜನರ ಮುಂದೆ, ಆ ಮನುಷ್ಯನ ಮುಖ ಸಣ್ಣದಾಗಬೇಕು.

ಮನೆಯ ಹಿತ್ತಲಲ್ಲಿ ನೆಲ ಸಮ ಮಾಡಿಸಿ, ಹೊಳೆಯ ಮರಳು ಹಾಕಿ, ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಿಂದ ತರಿಸಿದ ಸುಟ್ಟ ಎಣ್ಣೆಯನ್ನು ಅದಕ್ಕೆ ಕಲಸಿದ. ನಡುವೆ ಒಂದು ತಗಡಿನ ಡಬ್ಬಿ ಹೂಳಿದ. ಒಬ್ಬನೇ ಇದ್ದಾಗ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಬಾಳಾಸಾಹೇಬ ಬಾಜೂಕ್ಕೆ ನಿಂತಿದ್ದಾನೆ ಎಂದುಕೊಂಡ ತಕ್ಷಣ ಮಣಿಕಟ್ಟು ನಡುಗುತ್ತಿತ್ತು. ಶಿವಬಸವ್ವನನ್ನು ಕರೆದು ಕೀಲಿಗೊಂಚಲು ಆಡಿಸು ಎಂದ. ಆಕೆ ಮೊದಮೊದಲು ನಗುತ್ತ ಆಡಿಸಿದಳು, ಆಮೇಲೆ ಬೇಸರದಿಂದ. ಒಂದು ಸಂಜೆ ಸಂತೆಯಿಂದ ಬಂದವಳು ಚೀಲ ಕೆಳಗಿಟ್ಟು, ಸೊಂಟದ ಕೀಲಿ ಬಿಚ್ಚಿಕೊಂಡು ನೇರ ಹಿತ್ತಲಿಗೆ ನಡೆದಳು.

"ಒಬ್ಬಾಕಿ ಇವತ್ತ ನನ್ನ ಏನಂತ ಕರದಳು ಗೊತ್ತೈತೇನ್ರಿ? ದೀಡಫೂಟವ್ವ ಅಂತ. ನೀವು ಆ ಮನಶ್ಯಾನ್ನ ಬಿಟ್ಟರೂ ನಾ ಬಿಡೂದಿಲ್ಲ. ಹೂಂ, ಹೊಡೀರಿ."

ಅಂದಿನಿಂದ ಆಕೆ ಕೀಲಿಗಷ್ಟೇ ನಿಲ್ಲಲಿಲ್ಲ. ಪಾತ್ರೆ ಕೆಡವಿದಳು, ಬೆನ್ನ ಹಿಂದೆ ಕೆಮ್ಮಿದಳು, ಬೇಕೆಂದೇ ಬಾಳಾಸಾಹೇಬನ ದನಿಯಲ್ಲಿ ನಕ್ಕಳು. ಆ ನಗುವಿಗಂತೂ ದುಂಡಪ್ಪನ ಚೆಂಡು ತುಳಸಿಕಟ್ಟೆಯವರೆಗೆ ಹೋಗುತ್ತಿತ್ತು.

ದಾರಿ ಸಿಕ್ಕಿದ್ದು ಒಂದು ಬೆಳಗಿನ ಪೂಜೆಯಲ್ಲಿ. ಚಿಕ್ಕಂದಿನಿಂದ ಮಾಡಿಕೊಂಡು ಬಂದಂತೆ ಅವನು ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟು ಕುಳಿತಿದ್ದ. ಹೊರಗೆ ಗೋವೆಯ ಕಡೆಯ ಗೂಡ್ಸ್ ಗಾಡಿ ಸೀಟಿ ಹಾಕಿತು, ಹಾಲಿನವನು ಕೂಗಿದ, ಪಕ್ಕದ ಮನೆಯಲ್ಲಿ ಜಗಳ ಹತ್ತಿತ್ತು. ಎಲ್ಲವೂ ಕೇಳಿಸಿತು, ಯಾವುದೂ ತಾಕಲಿಲ್ಲ. ಪೂಜೆ ಮುಗಿಸಿ ಎದ್ದಾಗ ಅವನಿಗೆ ಇದು ವಿಚಿತ್ರವೆನಿಸಿತು. ಇಲ್ಲಿ ಅಲುಗದ ಮನಸ್ಸು ಅಲ್ಲೇಕೆ ಅಲುಗುತ್ತದೆ? ಇಲ್ಲಿ ಒಂದು ಕ್ರಮವಿತ್ತು. ಒಂದಾದ ಮೇಲೆ ಒಂದು, ದಿನವೂ ಅದೇ. ಕೈ ತನ್ನ ಕೆಲಸ ಮಾಡುತ್ತ ಹೋದಂತೆ ಮನಸ್ಸು ಅದರ ಹಿಂದೆ ತಾನೇ ಬರುತ್ತಿತ್ತು. ಅಲ್ಲಿ ಅವನು ಸುಮ್ಮನೆ ಹೋಗಿ ಬಗ್ಗುತ್ತಿದ್ದ, ಬಗ್ಗಿದ ತಲೆಯೊಳಗೆ ಬಾಳಾಸಾಹೇಬ ಬಂದು ಕೂರುತ್ತಿದ್ದ.

ಅವನು ಚೆಂಡಿಗೂ ಒಂದು ಕ್ರಮ ಕಟ್ಟಿದ. ಮೊದಲು ಅಂಗೈ ಒರೆಸಿಕೊಳ್ಳುವುದು. ಚೆಂಡಿನ ಹಿಂದೆ ನಿಂತು ದಾರಿ ನೋಡುವುದು. ಬಗ್ಗಿ, ಚೆಂಡಿನ ಮಗ್ಗುಲಿನ ಒಂದು ಮರಳಿನ ಕಣವನ್ನು ಆರಿಸಿಕೊಂಡು ಅದರ ಮೇಲೆ ಕಣ್ಣು ನೆಡುವುದು, ಉಸಿರು ಬಿಡುವುದು, ಹೊಡೆಯುವುದು. ಚೆಂಡು ಹೋದಮೇಲೂ ಆ ಕಣವನ್ನೇ ನೋಡುತ್ತಿರುವುದು, ಡಬ್ಬಿಯೊಳಗಿನ ಸದ್ದು ಕಿವಿಗೆ ಬೀಳುವವರೆಗೆ.

ಆದರೂ ದ್ವೇಷ ಹೋಗಲಿಲ್ಲ. ಹೋಗುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ಅದಕ್ಕೊಂದು ಜಾಗ ಮಾಡಿಕೊಟ್ಟ. ಚೆಂಡಿನತ್ತ ನಡೆದು ಹೋಗುವಾಗ ಬಾಳಾಸಾಹೇಬನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈಯುವುದು, ಅವನ ಮೀಸೆಯನ್ನು, ನಗುವನ್ನು, ಲಾರಿಗಳನ್ನು, ಒಂದನ್ನೂ ಬಿಡದೆ. ಅಂಗೈ ಒರೆಸಿಕೊಂಡಾಗ ಬೈಗುಳ ಮುಗಿದಿರಬೇಕು. ಬಗ್ಗಿದ ಮೇಲೆ ಆ ಮನುಷ್ಯ ಹುಟ್ಟಿಯೇ ಇಲ್ಲ. ಹೊಟ್ಟೆ ತುಂಬ ಬೈದಾದ ಮೇಲೆ ಮನಸ್ಸು ಊಟವಾದ ಎತ್ತಿನಂತೆ ತೆಪ್ಪಗಿರುತ್ತದೆಂದು ಅವನು ಕಂಡುಕೊಂಡ.

"ಪೂಜಿ ಮಾಡಿದಂಗ ಮಾಡ್ತೀರಿ" ಎಂದಳು ಶಿವಬಸವ್ವ ಒಮ್ಮೆ. "ಹೊಟ್ಟ್ಯಾಗ ಮಾತ್ರ ಬರೇ ವಿಷ."

"ವಿಷಾನೂ ಔಷಧಾನ ಐತಿ. ಎಷ್ಟ ತುಗೋಬೇಕು ಅನ್ನೂದು ತಿಳೀಬೇಕು."

ಭಾನುವಾರಗಳಂದು ಬಸ್ಸು ಹಿಡಿದು ಬೆಳಗಾವಿಗೆ ಹೋಗಿ ಆಡಿ ಬರುತ್ತಿದ್ದ. ಬಾಳಾಸಾಹೇಬ ದೂರದಿಂದಲೇ "ಬರ್ರಿ ದೀಡಫೂಟ" ಎಂದು ಕೈಯೆತ್ತುತ್ತಿದ್ದ. ದುಂಡಪ್ಪನೂ ಕೈಯೆತ್ತುತ್ತಿದ್ದ. ಅವನ ನಗುವನ್ನು ನೋಡಿದವರು ಹಳೆಯದನ್ನು ಮರೆತಿದ್ದಾನೆ ಎಂದುಕೊಂಡರು. ಎರಡು ಸಲ ಕಪ್ಪಿನ ಆಟದಲ್ಲಿ ಬೇರೆಯವರಿಗೆ ಸೋತ. ಎಂಬತ್ತೊಂದರಲ್ಲಿ, ಚಳಿ ಹಿಡಿಯುವ ಹೊತ್ತಿಗೆ, ಕೊನೆಯ ಪಂದ್ಯಕ್ಕೆ ಮತ್ತೆ ಅವರಿಬ್ಬರೇ ಉಳಿದರು. ಆ ದಿನ ಶಿವಬಸವ್ವ ಇಳಕಲ್ ಸೀರೆ ಉಟ್ಟು ಜೊತೆಗೆ ಬಂದು, ಚಹಾದ ಶೆಡ್ಡಿನ ಪಕ್ಕ ನೆರಳಲ್ಲಿ ನಿಂತಳು.

ಕಡೆಯ ಕುಳಿಗೆ ಬಂದಾಗ ಇಬ್ಬರೂ ಸಮ. ದುಂಡಪ್ಪನ ಚೆಂಡು ಎರಡು ಮಾರು ದೂರವಿತ್ತು, ಬಾಳಾಸಾಹೇಬನದು ಕುಳಿಯ ಹತ್ತಿರ, ಗೇಣೆರಡು ಗೇಣಿನಲ್ಲಿ. ದೂರದವನದು ಮೊದಲ ಸರದಿ. ದುಂಡಪ್ಪ ಚೆಂಡಿನ ಕಡೆಗೆ ನಿಧಾನವಾಗಿ ನಡೆದ. ಅಷ್ಟು ದೂರದಲ್ಲಿ ಎಂಟು ವರ್ಷದ ಬೈಗುಳವೆಲ್ಲ ಹಿಡಿಸಿತು. ಅಂಗೈ ಒರೆಸಿಕೊಂಡ. ಬಗ್ಗಿದ. ಕೀಲಿಗಳು ಕಿಣಿಕಿಣಿ ಎಂದವು, ಕೇಳಿಸಿತು ಕೂಡ, ಹಾಲಿನವನ ಕೂಗಿನ ಹಾಗೆ. ಒಂದು ಕಪ್ಪು ಕಣದ ಮೇಲೆ ಅವನ ಕಣ್ಣಿತ್ತು. ಹೊಡೆದ. ಕಣವನ್ನೇ ನೋಡುತ್ತ ನಿಂತ. ಚೆಂಡು ಕುಳಿಯೊಳಗೆ ಬಿದ್ದ ಸದ್ದಾಯಿತು. ಜನ ಚಪ್ಪಾಳೆ ತಟ್ಟಿದರು.

ಬಾಳಾಸಾಹೇಬ ತಲೆದೂಗುತ್ತ ತನ್ನ ಚೆಂಡನ್ನು ಎತ್ತಿಕೊಳ್ಳಲು ಬಗ್ಗಿದ. ಅವನಿಗೆ ಇಷ್ಟು ಹತ್ತಿರದ್ದನ್ನು ಹೊಡೆದು ತೋರಿಸು ಎಂದು ಎಷ್ಟೋ ವರ್ಷಗಳಿಂದ ಯಾರೂ ಹೇಳಿರಲಿಲ್ಲ. ಅದು ಬಿದ್ದು ಈ ಕುಳಿಯೂ ಸಮವಾದರೆ ಇನ್ನೊಂದು ಕುಳಿ ಹೆಚ್ಚಿಗೆ ಆಡಬೇಕು, ಅಷ್ಟೇ.

"ಬಿಟ್ಟಂಗ ಅಲ್ಲೇನು?" ಎಂದ.

"ಇಲ್ಲ. ಹೊಡೀರಿ."

ಬಾಳಾಸಾಹೇಬ ನಕ್ಕ. ಸುತ್ತ ನೋಡಿದ. ಯಾರೂ ನಗಲಿಲ್ಲ.

"ಹೊಡೀರಿ ಬಾಳಾಸಾಹೇಬರ. ನಾ ಏನೂ ಸಪ್ಪಳ ಮಾಡೂದಿಲ್ಲ."

ದುಂಡಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಅವನ ಕಣ್ಣಿಗೆ ಬೀಳುವಷ್ಟು ಹತ್ತಿರ ನಿಂತ. ಕೆಮ್ಮಲಿಲ್ಲ, ಕಾಲು ಕದಲಿಸಲಿಲ್ಲ. ಬಾಳಾಸಾಹೇಬ ಬಗ್ಗಿದ, ಎದ್ದ, ಕೋಲಿನ ಹಿಡಿಕೆ ಒರೆಸಿದ, ಮತ್ತೆ ಬಗ್ಗಿದ. ಏನೋ ಒಂದು ಸದ್ದು ಬಂದೇ ಬರುತ್ತದೆಂದು ಅವನ ಬೆನ್ನು ಕಾಯುತ್ತಿದ್ದದ್ದು ನಿಂತವರಿಗೆಲ್ಲ ಕಾಣಿಸಿತು. ಸದ್ದು ಬರಲಿಲ್ಲ. ಹೊಡೆದ. ಚೆಂಡು ಕುಳಿಯ ಎಡಕ್ಕೆ ಹೋಗಿ ನಿಂತಿತು, ಎಣ್ಣೆಮರಳಿನ ಮೇಲೆ ಸೊಟ್ಟ ಗೆರೆ ಬರೆದು.

ಶೆಡ್ಡಿನ ನೆರಳಿನಿಂದ ಶಿವಬಸವ್ವ ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಗೆದ್ದ ಕಪ್ಪು ಖಾನಾಪುರದ ಅಂಗಡಿಯಲ್ಲಿ ಟಾನಿಕ್ಕಿನ ಸೀಸೆಗಳ ನಡುವೆ ಕುಳಿತಿತು. ದುಂಡಪ್ಪ ಬಂದ ಗಿರಾಕಿಗಳಿಗೆಲ್ಲ ಕಥೆ ಹೇಳಿದ, ಬಾಳಾಸಾಹೇಬನಿಗೆ ಒಂದು ಅಡ್ಡಹೆಸರು ಕಟ್ಟಿ ಹರಡಲೂ ನೋಡಿದ. ಅದು ಸ್ಟೇಶನ್ ರಸ್ತೆಯನ್ನೇ ದಾಟಲಿಲ್ಲ. ಬಾಳಾಸಾಹೇಬನನ್ನು ಜನ ಪ್ರೀತಿಸುತ್ತಿದ್ದರು. "ದೀಡಫೂಟ ಗೆದ್ದನಂತ" ಎಂದೇ ಊರು ಮಾತಾಡಿಕೊಂಡಿತು.

ಆದರೆ ಕರ್ನಲ್ಲರು ಒಂದು ಸಂಗತಿ ತಿಳಿಸಿದರು. ಬಾಳಾಸಾಹೇಬನಿಗೆ ಈಗ ಹತ್ತಿರದ ಚೆಂಡೆಂದರೆ ಕೈ ನಡುಗುತ್ತದೆ, ಕೋಲು ಬದಲಿಸಿದ್ದಾನೆ, ಕನ್ನಡಕ ಬದಲಿಸಿದ್ದಾನೆ, ಏನೂ ಉಪಯೋಗವಾಗಿಲ್ಲ. ದುಂಡಪ್ಪ ಆ ದಿನ ಎರಡು ಹೋಳಿಗೆ ಹೆಚ್ಚಿಗೆ ತಿಂದ.

ಮರುವರ್ಷ ಬೇಸಿಗೆಯಲ್ಲಿ ಅಂಗಡಿಯ ಮುಂದೆ ಜೀಪು ನಿಂತು ಬಾಳಾಸಾಹೇಬ ಇಳಿದ. ಸ್ವಲ್ಪ ಸೊರಗಿದ್ದ. ನಂದಗಡದ ಕಡೆ ಬಂದಿದ್ದೆ ಎಂದ. ಗ್ಲಾಸು ನೀರು ಕುಡಿದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ದುಂಡಪ್ಪಾ, ಖರೇ ಹೇಳು. ಕೈ ಹ್ಯಾಂಗ ನಿಲ್ಲಿಸಿದಿ? ಎಷ್ಟರ ಸಪ್ಪಳ ಮಾಡಿದೆ ನಾ, ನಿನಗ ಏನೂ ಆಗ್ಲಿಲ್ಲ. ನನಗ ಈಗ ನಿದ್ದಿ ಬರೂದಿಲ್ಲ."

ಅವನ ಕಣ್ಣಲ್ಲಿ ಕಪಟವಿರಲಿಲ್ಲ. ಹಳೆಯದನ್ನು ತಾನು ಮಾಡಿದ ತಪ್ಪೆಂದು ಅವನು ತಿಳಿದಂತೆಯೂ ಇರಲಿಲ್ಲ. ದುಂಡಪ್ಪ ಹೇಳಬಹುದಿತ್ತು, ಹೇಳಲು ಹೆಚ್ಚೇನೂ ಇರಲಿಲ್ಲ. ಅವನು ಗಲ್ಲಾಪೆಟ್ಟಿಗೆಯ ಮೇಲೆ ಮುಂದಕ್ಕೆ ಬಾಗಿದ.

"ಹೊಡಿಯೂಮುಂದ, ಬಗ್ಗಿದ ಮ್ಯಾಲೂ, ನನ್ನ ಮಾರಿ ನೆನಸ್ರಿ. ನಾ 'ಇಲ್ಲ, ಹೊಡೀರಿ' ಅಂದದ್ದು ನೆನಸ್ರಿ. ಸಿಟ್ಟು ಬರ್ಲಿ. ಸಿಟ್ಟು ಬಂದ್ರ ಕೈ ಗಟ್ಟಿ ಆಕ್ಕಾವು. ನಾನೂ ಹಂಗ ಮಾಡಿದೆ."

ಬಾಳಾಸಾಹೇಬ ಅವನ ಎರಡೂ ಕೈ ಹಿಡಿದುಕೊಂಡ. "ನೀ ದೊಡ್ಡ ಮನಶ್ಯಾ" ಎಂದು ಜೀಪು ಹತ್ತಿದ.

ಪರದೆಯ ಹಿಂದಿನಿಂದ ಶಿವಬಸವ್ವ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಂಬಿದಾನೇನು?"

"ನಂಬಿದಾ."

ಆಕೆ ನಗುತ್ತಾಳೆಂದು ಅವನು ಕಾದ. ಆಕೆ ಬಾಳಾಸಾಹೇಬ ಕುಡಿದಿಟ್ಟ ಗ್ಲಾಸು ಎತ್ತಿಕೊಂಡು ಒಳಗೆ ಹೋದಳು.

ಬಾಳಾಸಾಹೇಬ ಆ ಚಳಿಗಾಲದ ಕಪ್ಪಿಗೆ ಹೆಸರು ಕೊಡಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಎಂಬತ್ತನಾಲ್ಕರಲ್ಲಿ ಕೋಲುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟನಂತೆ. ದುಂಡಪ್ಪ ಮಂಡಿ ಸೋಲುವವರೆಗೂ ಭಾನುವಾರದ ಬಸ್ಸು ತಪ್ಪಿಸಲಿಲ್ಲ. ಬಾಳಾಸಾಹೇಬನಿಗೆ ಹೇಳಿದ್ದರ ಬಗ್ಗೆ ಯಾರಾದರೂ ಕೆದಕಿದರೆ, "ಅಂವಾ ಕೇಳಿದಾ, ನಾ ಹೇಳಿದೆ" ಎಂದಷ್ಟೇ ಹೇಳಿ ಮುಂದಿನ ಗಿರಾಕಿಯ ಚೀಟಿಗೆ ಕೈಚಾಚುತ್ತಿದ್ದ.