ಬಸಿದ ನೀರು

ಮೊನ್ನೆ ನಿಮ್ಮಲ್ಲಿ ಹಿರಿಯಳಾದ ಆಶಾ ನನ್ನ ಹೊಸ ಮಾತ್ರೆಯ ಡಬ್ಬಿ ತೆರೆದಾಗ ಆ ವಾಸನೆ ಬಂತು, ಮಕ್ಕಳೇ. ನನ್ನ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬುದೇನೋ ಏರಿದೆಯಂತೆ. ಅದನ್ನು ಇಳಿಸಲು ಫೋಲಿಕ್ ಆಸಿಡ್, ಬಿ ಹನ್ನೆರಡು, ಬಿ ಆರು ಸೇರಿದ ಮಾತ್ರೆ. ನಿಮಗೆ ಅದು ಔಷಧಿಯ ವಾಸನೆ. ನನಗೆ ಓರಗಿತ್ತಿಯ ಬಾಯಿಯ ವಾಸನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮರ್ಕಂಜದ ಮನೆಗೆ ನಾನು ಹಿರಿಯ ಸೊಸೆ, ನಿಮ್ಮ ಚಿಕ್ಕಜ್ಜಿ ಸುಮತಿ ಕಿರಿಯವಳು. ಅವಳು ಸುಸ್ತು ಎಂದರೆ ಸಾಕು, ಮೈದುನ ಪುತ್ತೂರಿನಿಂದ ಹಳದಿ ಬಿ-ಕಾಂಪ್ಲೆಕ್ಸ್ ಮಾತ್ರೆ ತರುತ್ತಿದ್ದ. ಊಟವಾದ ಮೇಲೆ ನೀರಿನ ಲೋಟ ಹಿಡಿದು, ಅವಳು ನುಂಗುವವರೆಗೆ ನಿಲ್ಲುತ್ತಿದ್ದ. ಆಮೇಲೆ ಪಾತ್ರೆ ತೊಳೆಯುವಾಗ ಅವಳು ನನ್ನ ಪಕ್ಕದಲ್ಲೇ ತೇಗುವುದು! ಇಡೀ ಹಿತ್ತಿಲಿಗೆ ಅವಳ ಭಾಗ್ಯದ ವಾಸನೆ.

ಬಾಯಿಬಿಟ್ಟು ಕೇಳುವ ಧೈರ್ಯ ನನಗೆಲ್ಲಿಯದು? ಒಂದು ದಿನ ಬಾವಿಕಟ್ಟೆಯಲ್ಲಿ ಕೂತು, ನಿಮ್ಮ ಅಜ್ಜನಿಗೆ ಕೇಳುವಷ್ಟು ಮೆಲ್ಲಗೆ, "ತಲೆ ತಿರುಗ್ತದೆ" ಎಂದೆ.

"ಎಂತ ಆಯ್ತು ನಿಂಗೆ? ಕಲ್ಲುಗುಂಡಿನ ಹಾಗೆ ಇದ್ದಿಯಲ್ಲ ಮಾರಾಯ್ತಿ!"

ಆದರೂ ಸಂಜೆ ಸುಳ್ಯದಿಂದ ಬರುವಾಗ ಚೀಲದಲ್ಲಿ ಏನೋ ಇತ್ತು. ಸೆರಗಿಗೆ ಕೈ ಒರೆಸಿಕೊಂಡು ಓಡಿದೆ. ನುಗ್ಗೆ ಸೊಪ್ಪಿನ ಕಟ್ಟು!

"ಮಾತ್ರೆಗಿಂತ ಇದು ಒಳ್ಳೆದು. ತಿನ್ನು," ಎಂದರು.

"ಅಕ್ಕನಿಗೆ ಭಾವ ಹಸಿರು ಮಾತ್ರೆ ತಂದಿದ್ದಾರೆ!" ಎಂದು ಸುಮತಿ ಒಳಗಿನಿಂದ ನಕ್ಕಳು. ಅಂದು ನನ್ನ ಹೊಟ್ಟೆಯ ಕಿಚ್ಚಿನಲ್ಲೇ ಗಂಜಿ ಬೇಯಿಸಬಹುದಿತ್ತು.

ಆಮೇಲೆ ಅವರು ದನದ ಹಟ್ಟಿಯ ಹಿಂದೆ ನುಗ್ಗೆಯ ಗೆಲ್ಲು ನೆಟ್ಟರು. ಅದು ಚಿಗುರಿದ ಮೇಲೆ ವಾರ ವಾರವೂ ಸೊಪ್ಪು ಕುಯ್ದು, ಅಡುಗೆಮನೆಯ ಮೆಟ್ಟಿಲಲ್ಲಿ ಇಟ್ಟು ಹೋಗುತ್ತಿದ್ದರು. ಮಾತಿಲ್ಲ. ನಾನೂ ಮಾತಿಲ್ಲದೆ ಅದನ್ನು ಬೇಯಿಸಿ, ಕಹಿ ಹೋಗಲೆಂದು ನೀರು ಬಸಿದು, ಆ ನೀರನ್ನು ಕೆಂಪಿ ದನ ಕುಡಿಯುವ ಅಕ್ಕಚ್ಚಿನ ಬಾಲ್ದಿಗೆ ಸುರಿದು, ಉಳಿದ ಸಪ್ಪೆ ಸೊಪ್ಪಿಗೆ ತೆಂಗಿನಕಾಯಿ ಹಾಕಿ ಪಲ್ಯ ಮಾಡುತ್ತಿದ್ದೆ. ತಿನ್ನುವಾಗ ಕಣ್ಣೆಲ್ಲ ಸುಮತಿಯ ಲೋಟದ ಮೇಲೆ.

ಮೊನ್ನೆ ಮಾತ್ರೆ ಕೈಗಿಟ್ಟು ಆಶಾ ಹೇಳಿದಳು: "ಸೊಪ್ಪು ಕೂಡ ತಿನ್ನಬೇಕಂತೆ ಅಜ್ಜಿ. ಈ ಮಾತ್ರೆಯಲ್ಲಿ ಫೋಲಿಕ್ ಉಂಟಲ್ಲ, ಆ ಸತ್ವ ಸೊಪ್ಪಲ್ಲಿಯೂ ಇರುದು. ನೀವು ನೀರು ಬಸಿದು ಚೆಲ್ಲುದಲ್ಲವಾ? ಇನ್ನು ಚೆಲ್ಲಬೇಡಿ, ಸತ್ವ ಎಲ್ಲ ಅದರಲ್ಲೇ ಹೋಗ್ತದೆ."

ನಾನು ಮಾತ್ರೆ ಹಿಡಿದುಕೊಂಡೇ ಕೂತೆ.

"ನುಂಗಿ ಅಜ್ಜಿ," ಎಂದು ಅವಳು ಲೋಟ ಹಿಡಿದು ನಿಂತಿದ್ದಳು. ಲೋಟ ಹಿಡಿದು ನಿಲ್ಲಲು ಬಾರದ ಆ ಮನುಷ್ಯ ನನಗೂ ಮಾತ್ರೆಯನ್ನೇ ತಂದಿಡುತ್ತಿದ್ದರಲ್ಲ ಎಂದುಕೊಂಡು ನುಂಗಿದೆ.

ಸುಮತಿಯ ಮೇಲೆ ಈಗ ನನಗೆ ಹೊಟ್ಟೆಕಿಚ್ಚಿಲ್ಲ. ಕೆಂಪಿಯ ಮೇಲೆ ಉಂಟು. ಎಷ್ಟು ಹೊಳೆಯುತ್ತಿತ್ತು ಅದರ ಮೈ!