ಕಿಟಕಿಯ ಬಳಿ ಕಾದವರು

ಅಬುಧಾಬಿಯ ಮಂಗಳೂರು ಕೊಂಕಣಿ ಕ್ರೈಸ್ತರಿಗೆ ಅಮೆರಿಕದ ಹಳೇ ಹಾಡಿಲ್ಲದೆ ಮದುವೆಯ ಊಟ ಇಳಿಯುವುದಿಲ್ಲ. ಆ ಹಾಡುಗಳಲ್ಲಿ ಹೆಂಗಸಿಗೆ ಇರುವುದು ಎರಡೇ ಕೆಲಸ: ಒಂದೋ ಗಂಡನಿಗೆ ಕೈಕೊಟ್ಟು ಓಡಿಹೋಗಬೇಕು, ಇಲ್ಲವೇ ಕಿಟಕಿಯ ಬಳಿ ಕೂತು ದೂರ ಹೋದವನಿಗಾಗಿ ಅಳಬೇಕು. ಜುವಾಕಿಂ ಪ್ರತಿ ಮದುವೆಯಲ್ಲೂ ಹಾಡುತ್ತಿದ್ದದ್ದು ಎರಡನೆಯ ಜಾತಿಯ ಹಾಡು. "ಇದು ನನ್ನ ರೋಸಿಗೆ" ಎಂದೇ ಶುರು ಮಾಡುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು, ಅವನ ಹೆಂಡತಿ ರೋಸಿ ನಗುತ್ತಿದ್ದಳು.

ನಿಜಕ್ಕೂ ದೂರ ಹೋದವಳು ರೋಸಿ. ಮಗಳು ಆನ್ ಮರಿಯಾ ಇನ್ನೂ ತೊಟ್ಟಿಲಲ್ಲಿದ್ದಾಗಲೇ ನರ್ಸ್ ಆಗಿ ವಿಮಾನ ಹತ್ತಿದ್ದಳು. ಊರಲ್ಲಿ, ಕಿನ್ನಿಗೋಳಿಯ ಮನೆಯಲ್ಲಿ ಗಂಜಿ ಬೇಯಿಸಿ, ಮಗಳ ತಲೆ ಬಾಚಿ, ಭಾನುವಾರದ ಫೋನಿಗೆ ಕಾದವನು ಜುವಾಕಿಂ. ಆಮೇಲೆ ರೋಸಿಯೇ ವೀಸಾ ಮಾಡಿಸಿ ಇಬ್ಬರನ್ನೂ ಕರೆಸಿಕೊಂಡಳು. ಇದನ್ನು ಇಲ್ಲಿ ಯಾರಿಗೂ ಹೇಳಬಾರದೆಂದು ಅವನ ಹಟ. ಹೆಂಡತಿಯ ವೀಸಾದಲ್ಲಿ ಬಂದ ಗಂಡಸೆಂದರೆ ಜನ ಆಡಿಕೊಳ್ಳುವುದಿಲ್ಲವೇ?

೨೦೧೫ರಲ್ಲಿ ಅವರ ಮದುವೆಯ ಬೆಳ್ಳಿಹಬ್ಬ ಬಂತು.

"ಈ ಸಲ ಆ ಹಾಡು ಬೇಡ ಮಾರಾಯ್ರೆ," ಎಂದಳು ರೋಸಿ. "ನಾನು ಯಾವ ಕಿಟಕಿಯಲ್ಲಿ ಕೂತಿದ್ದೆ? ವಾರ್ಡಿನಲ್ಲಿ ಕೂರ್ಲಿಕ್ಕೆ ಪುರ್ಸೊತ್ತು ಎಲ್ಲಿತ್ತು?"

"ಹಾಡಲ್ವಾ ರೋಸಿ, ಅದನ್ನೆಲ್ಲ ಯಾರು ಅಷ್ಟು ನೋಡ್ತಾರೆ? ಖಲಾಸ್, ಬಿಡು."

ರೋಸಿಗೆ ಉರಿದುಹೋಯಿತು. ಯಾವುದೋ ದೇಶದ ಹಾಡಿನ ಅಳುಬುರುಕಿಯೊಬ್ಬಳು ತನ್ನ ದುಡಿಮೆಯನ್ನೆಲ್ಲ ನುಂಗಿ ನೀರು ಕುಡಿದಿದ್ದಳು. ಒಂದು ಸಲವಾದರೂ ನಮ್ಮವರ ಎದುರು ನಿಜ ಹೇಳಲೇಬೇಕು ಎಂದು ಗಟ್ಟಿಮಾಡಿಕೊಂಡಳು.

ಹಬ್ಬದ ದಿನ ರೋಸಿಯ ತಮ್ಮ ಪ್ರಿಯನ್ ವೈನಿನ ಗ್ಲಾಸೆತ್ತಿ ಇಬ್ಬರಿಗೂ ಶುಭ ಕೋರಿ ಟೋಸ್ಟ್ ಹೇಳಿದ. ಬೆನ್ನಿಗೇ ಜುವಾಕಿಂ ಅದೇ ಹಾಡು ಹಾಡಿದ. ಮುಗಿಯುತ್ತಿದ್ದಂತೆ ರೋಸಿ ಮೈಕ್ ಕಸಿದುಕೊಂಡು, ಗಿಟಾರಿನವನಿಗೆ "ನಿಲ್ಲಿಸ್ಬೇಡ" ಎಂದಳು.

ಇಂಗ್ಲಿಷ್ ಧಾಟಿಗೆ ಕೊಂಕಣಿ ಪದ ಕಟ್ಟುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಅದೇ ಹಾಡಿನ ಧಾಟಿಗೆ ರೋಸಿ ಕಟ್ಟಿ ಹಾಡಿದ ಪದದಲ್ಲಿ ಕಿಟಕಿಯ ಬಳಿ ಗಂಡಸಿದ್ದ. ಅವನ ಸೊಂಟದ ಮೇಲೆ ಕೂಸಿತ್ತು, ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು. ಕೂಸು ಅತ್ತರೆ ತಾನೂ ಅಳುತ್ತಿದ್ದ, ಫೋನಿನಲ್ಲಿ ಮಾತ್ರ "ಇಲ್ಲಿ ಎಲ್ಲ ಸೌಖ್ಯ" ಅನ್ನುತ್ತಿದ್ದ.

ತಮಾಷೆಯೆಂದು ಕೆಲವರು ನಕ್ಕರು. ಜುವಾಕಿಂನ ಮುಖ ನೋಡಿದ ಮೇಲೆ ಅದು ಅವನದೇ ಕತೆಯೆಂದು ಅವರಿಗೆ ತಿಳಿಯಿತು. ರೋಸಿ ಶುರು ಮಾಡಿದ್ದು ಸಿಟ್ಟಿನಲ್ಲಿ. ಅವನು ಕಾದದ್ದೂ ದುಡಿಮೆಯೇ ಎಂದು ಅವಳಿಗೆ ಹಾಡುವಾಗಲೇ ಹೊಳೆದದ್ದು. ಮುಂದಿನ ಸಾಲು ಬರಲಿಲ್ಲ.

ಜುವಾಕಿಂ ಎದ್ದು ಪಕ್ಕಕ್ಕೆ ಬಂದು ನಿಂತ. ಮೈಕಿಗೆ ಕೈ ಹಾಕಲಿಲ್ಲ. "ಹಾಡು, ನಾನಿದ್ದೇನೆ," ಎಂದು, ಅವಳು ಸಾಲೆತ್ತಿಕೊಂಡ ಮೇಲೆ ಕೆಳಗಿನ ಸ್ವರದಲ್ಲಿ ಗುನುಗುತ್ತ ಜೊತೆಗೂಡಿದ.